ಕೀರ್ದಿ, ಖಾತೆ ಮತ್ತು ಕಂಪ್ಯೂಟರು

ಸಾಹಿತ್ಯ ಸಂಘದ ಪತ್ರಿಕೆಗೆ ಕವಿತೆ ಕೊಡುವ ಬದಲು ಕಂಪ್ಯೂಟರಿನ ವಿಷಯ ಬರೆದು ಕೊಡುತ್ತಿದ್ದೇನೆ, ಮಿತ್ರರು ಕ್ಷಮಿಸಬೇಕು. ಕವಿತೆ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಬಿ.ಕಾಂ. ಎರಡನೇ ಸೆಮಿಸ್ಟರಿನಲ್ಲಿ ‘ಆಬ್ಜೆಕ್ಟ್’ ಎಂಬ ಒಂದೇ ಒಂದು ಶಬ್ದಕ್ಕಾಗಿ ನಾನು ಪಟ್ಟ ಪಾಡನ್ನೇ ಈ ವರ್ಷ ನಮ್ಮ ಕನ್ನಡದ ಹುಡುಗ ಹುಡುಗಿಯರು ಮತ್ತೆ ಪಡುತ್ತಿರುವುದನ್ನು ನೋಡುತ್ತಿದ್ದೇನೆ. ಅದಕ್ಕೇ ಈ ಲೇಖನ. ಕಂಪ್ಯೂಟರ್ ಸೈನ್ಸ್ ಓದುತ್ತಿರುವವರು ಇದನ್ನು ಓದಲೇಬೇಕು ಅಂತಿಲ್ಲ. ಓದಿದರೆ ತಪ್ಪು ಹುಡುಕಿ ಹೇಳಿ, ಬೇಜಾರಿಲ್ಲ.

ನಾನು ಹುಮನಾಬಾದಿನವನು. ಪಿಯುಸಿ ತನಕ ಎಲ್ಲವನ್ನೂ ಕನ್ನಡದಲ್ಲೇ ಓದಿದವನು. ಲೆಕ್ಕಶಾಸ್ತ್ರ, ತಾಳೆ ಪಟ್ಟಿ, ಅಢಾವೆ ಪತ್ರಿಕೆ, ಇವು ನನ್ನ ಶಬ್ದಗಳು. ಹೈದರಾಬಾದಿಗೆ ಬಂದ ಹೊಸದರಲ್ಲಿ ಊರಿನವರೊಬ್ಬರ ಜೊತೆ ಅಮೀರ್‌ಪೇಟೆಗೆ ಹೋಗಿದ್ದೆ. ಅಲ್ಲಿ ಮೈತ್ರಿವನಂ ಸುತ್ತಮುತ್ತ ಒಮ್ಮೆ ನಡೆದು ನೋಡಿ. ಗೋಡೆ, ಕಂಬ, ಮಾಳಿಗೆಯ ಮೆಟ್ಟಿಲು ಎಲ್ಲ ಕಡೆ ಜಾವಾ, ಪೈಥಾನ್, ಡಾಟ್‌ನೆಟ್ ಅಂತ ಬೋರ್ಡುಗಳು. ಬಾಗಿಲಲ್ಲಿ ಚೀಟಿ ಹಂಚುವ ಹುಡುಗರು. ಆ ಬೋರ್ಡುಗಳನ್ನು ನೋಡಿಯೇ ನಾನು ಬಿ.ಕಾಂ.ನಲ್ಲಿ ‘ಕಂಪ್ಯೂಟರ್ ಅಪ್ಲಿಕೇಶನ್ಸ್’ ಗ್ರೂಪು ತೆಗೆದುಕೊಂಡದ್ದು. ಅದರಲ್ಲಿ ಅಕೌಂಟೆನ್ಸಿಯ ಪಕ್ಕದಲ್ಲೇ ಸಿ ಮತ್ತು ಸಿ ಪ್ಲಸ್ ಪ್ಲಸ್ ಕಲಿಯಬೇಕಾಗುತ್ತದೆ ಅನ್ನೋದು ಗೊತ್ತಾದದ್ದು ಆಮೇಲೆ.

ಪಾಠ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ತೆಲುಗಿನಲ್ಲಿ. ಲ್ಯಾಬಿನಲ್ಲಿ ಟರ್ಬೊ ಸಿ ಪ್ಲಸ್ ಪ್ಲಸ್‌ನ ನೀಲಿ ಪರದೆ. ನಾನು ಹುಟ್ಟುವುದಕ್ಕೆ ಹತ್ತು ವರ್ಷಕ್ಕೂ ಮುಂಚೆ, 1990ರ ಸುಮಾರಿಗೆ ಬಂದ ಸಾಮಗ್ರಿ ಅದು. ಬೋರ್ಡಿನ ಮೇಲೆ ಬರೆದದ್ದು ಇಷ್ಟು: ಪ್ರಾಣಿ ಎಂಬುದು ಒಂದು ಕ್ಲಾಸ್, ನಾಯಿ ಎಂಬುದು ಅದರಿಂದ ಬಂದ ಇನ್ನೊಂದು ಕ್ಲಾಸ್, ಬೊಗಳುವುದು ಅದರ ಮೆಥಡ್. ಟಾಮಿ ಎಂಬುದು ಆಬ್ಜೆಕ್ಟ್. ನಾನು ರೂಮಿಗೆ ಬಂದು ನಿಘಂಟು ತೆಗೆದೆ. ಆಬ್ಜೆಕ್ಟ್ ಎಂದರೆ ವಸ್ತು, ಗುರಿ, ಉದ್ದೇಶ, ಆಕ್ಷೇಪಿಸು, ವ್ಯಾಕರಣದಲ್ಲಿ ಕರ್ಮಪದ. ಕೊನೆಯದು ನನ್ನ ಪರಿಸ್ಥಿತಿಗೆ ಸರಿಯಾಗಿ ಹೊಂದುತ್ತಿತ್ತು. ನಾಲ್ಕು ವ್ಯಾಖ್ಯೆಗಳನ್ನು ಉರು ಹೊಡೆದೆ: ಎನ್‌ಕ್ಯಾಪ್ಸುಲೇಶನ್, ಅಬ್‌ಸ್ಟ್ರ್ಯಾಕ್ಷನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ. ಪರೀಕ್ಷೆಯಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆಯಲು ಕೊಟ್ಟಾಗ ಆ ನಾಲ್ಕರಲ್ಲಿ ಒಂದೂ ಕೈಗೆ ಬರಲಿಲ್ಲ. ಇಪ್ಪತ್ತಕ್ಕೆ ನಾಲ್ಕು ಅಂಕ.

ನನಗೆ ನಾಲ್ಕು ಬಂದದ್ದು ದೊಡ್ಡ ವಿಷಯವಲ್ಲ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಔರಾದ್ ಕಡೆಯ ಹುಡುಗ, ಅಕೌಂಟ್ಸಿನಲ್ಲಿ ನಮಗೆಲ್ಲ ಹೇಳಿಕೊಡುತ್ತಿದ್ದವನು, ಆ ಪರೀಕ್ಷೆಯಾದ ಮೇಲೆ ‘ಇದು ನಮ್ಮಂಥವ್ರಿಗಲ್ಲ ಬಿಡು’ ಅಂದವನೇ ಆಫೀಸಿಗೆ ಅರ್ಜಿ ಕೊಟ್ಟು ಗ್ರೂಪು ಬಿಟ್ಟುಬಿಟ್ಟ. ನಮ್ಮಂಥವರು ಅಂದರೆ ಯಾರು? ಕನ್ನಡ ಮೀಡಿಯಂನವರೋ, ಕಾಮರ್ಸಿನವರೋ? ಆಗ ನಾನೂ ಕೇಳಲಿಲ್ಲ. ಅವನು ಹೇಳಿದ್ದು ಸರಿ ಅಂತಲೇ ನಂಬಿದ್ದೆ.

ಆ ಯುಗಾದಿಗೆ ಊರಿಗೆ ಹೋದೆ. ನಮ್ಮ ಕಾಕಾ ಹುಮನಾಬಾದಿನ ಗಂಜಿನಲ್ಲಿ ಒಂದು ಅಡತಿ ಅಂಗಡಿಯ ಮುನೀಮ. ತೊಗರಿ, ಕಡಲೆ, ಉದ್ದು ತಂದ ರೈತರ ಲೆಕ್ಕ ಇಡೋದು ಅವರ ಕೆಲಸ. ಮೂವತ್ತು ವರ್ಷಕ್ಕೂ ಮೇಲಾಯಿತು. ಈಗ ಆ ಅಂಗಡಿಗೂ ಕಂಪ್ಯೂಟರ್ ಬಂದಿದೆ, ಟ್ಯಾಲಿ ಹೊಡೆಯುವುದಕ್ಕೆ ಒಬ್ಬ ಹುಡುಗ ಬರುತ್ತಾನೆ. ಕಾಕಾ ಅವನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಹೇಳುತ್ತಾ ಹೋಗುತ್ತಾರೆ, ಅವನು ಹೊಡೆಯುತ್ತಾ ಹೋಗುತ್ತಾನೆ. ಆದರೂ ಕಾಕಾ ತಮ್ಮ ಕೆಂಪು ಬಟ್ಟೆಯ ಪುಸ್ತಕಗಳನ್ನು ಬಿಟ್ಟಿಲ್ಲ. ಮಾರ್ಚ್ 31 ಹತ್ತಿರ ಬಂದಿತ್ತು, ನಾನೂ ಸಹಾಯಕ್ಕೆ ಕೂತೆ. ಒಬ್ಬ ರೈತನ ಖಾತೆಗೆ ಟ್ರ್ಯಾಕ್ಟರ್ ಬಾಡಿಗೆ 1,040 ರೂಪಾಯಿ ಅನ್ನುವ ಕಡೆ 1,400 ಅಂತ ಬಿದ್ದಿತ್ತು. ನಾನು ಪೆನ್ನು ತೆಗೆದು ಖಾತೆಯ ಅಂಕಿಯನ್ನೇ ಹೊಡೆದುಹಾಕಲು ಹೋದೆ. ಕಾಕಾ ಕೈ ಹಿಡಿದರು.

‘ಏ ತಮ್ಮಾ, ಖಾತ್ಯಾಗ ಕೈ ಹಾಕಬ್ಯಾಡ. ಕೀರ್ದ್ಯಾಗ ಉಲ್ಟಾ ನೋಂದು ಮಾಡು. ಖಾತಿಗೆ ತಾನೇ ಬರ್ತದ.’

ಎಂದರೆ, ತಪ್ಪು ತಪ್ಪಾಗಿಯೇ ಇರಲಿ, 360 ರೂಪಾಯಿ ಅವನ ಹೆಸರಿಗೆ ಜಮಾ ಅಂತ ಕೀರ್ದಿಯಲ್ಲಿ ಇನ್ನೊಂದು ನೋಂದು ಹಾಕು. ಖಾತೆಯ ಬಾಕಿ ಸರಿಯಾಗುತ್ತದೆ. ಯಾಕೆ ಸರಿಯಾಯಿತು ಅನ್ನೋದಕ್ಕೆ ಸಾಕ್ಷಿಯೂ ಉಳಿಯುತ್ತದೆ. ಇದನ್ನು ಅಕೌಂಟೆನ್ಸಿಯಲ್ಲಿ ನಾನು ಎಷ್ಟೋ ಸಲ ಓದಿದ್ದೆ. ಆದರೆ ಆ ಹೊತ್ತಿನಲ್ಲಿ ತಲೆಯಲ್ಲಿ ಬಂದದ್ದು ಬೋರ್ಡಿನ ಮೇಲಿದ್ದ ‘ಪ್ರೈವೇಟ್’ ಎಂಬ ಶಬ್ದ. ಬಾಕಿ ಅನ್ನೋದು ಖಾತೆಯೊಳಗಿನ ಸಂಗತಿ. ಹೊರಗಿನವನು ಅದನ್ನು ನೇರವಾಗಿ ಮುಟ್ಟುವ ಹಾಗಿಲ್ಲ. ಅವನು ಮಾಡಬಹುದಾದ್ದು ಮೂರೇ: ಜಮಾ ಮಾಡು ಅಂತ ಹೇಳಬಹುದು, ನಾವೆ ಹಾಕು ಅಂತ ಹೇಳಬಹುದು, ಬಾಕಿ ಎಷ್ಟು ಅಂತ ಕೇಳಬಹುದು. ಎನ್‌ಕ್ಯಾಪ್ಸುಲೇಶನ್ ಎಂದು ನಾನು ಉರು ಹೊಡೆದದ್ದು ಇದನ್ನೇ ಅಲ್ಲವೆ?

ಇನ್ನೂ ಒಂದು ತಮಾಷೆ ಇದೆ. ಕಾಕಾನ ಪುಸ್ತಕದಲ್ಲಿ ಜಮಾ ಎಡಗಡೆ, ನಾವೆ ಬಲಗಡೆ. ನಮ್ಮ ಕಾಲೇಜಿನ ಪುಸ್ತಕದಲ್ಲಿ ಡೆಬಿಟ್ ಎಡಗಡೆ, ಕ್ರೆಡಿಟ್ ಬಲಗಡೆ, ಎಂದರೆ ಪೂರಾ ಉಲ್ಟಾ. ಟ್ಯಾಲಿಯ ಒಳಗಡೆ ಎಡವೂ ಇಲ್ಲ, ಬಲವೂ ಇಲ್ಲ. ಆದರೆ ‘ಈ ರೈತನ ಬಾಕಿ ಎಷ್ಟು?’ ಅಂತ ಮೂರನ್ನೂ ಕೇಳಿದರೆ ಬರುವ ಅಂಕಿ ಒಂದೇ. ಕೇಳುವವನಿಗೆ ಒಳಗಿನ ಏರ್ಪಾಟು ಗೊತ್ತಿರಬೇಕಾಗಿಲ್ಲ. ನಾಳೆ ಒಳಗಡೆ ಎಲ್ಲ ಬದಲಾಯಿಸಿದರೂ ಅವನಿಗೆ ತೊಂದರೆಯಿಲ್ಲ. ನಾಲ್ಕು ವ್ಯಾಖ್ಯೆಗಳಲ್ಲಿ ಅಬ್‌ಸ್ಟ್ರ್ಯಾಕ್ಷನ್ ಅನ್ನುವ ಎರಡನೆಯದು ಇಷ್ಟೇ.

ಹಾಗಾದರೆ ನಾಯಿ, ಪ್ರಾಣಿ ಯಾತಕ್ಕೆ ಬಂದವು? ಹೈದರಾಬಾದಿಗೆ ವಾಪಸ್ ಬಂದ ಮೇಲೆ ಈ ವಿದ್ಯೆ ಎಲ್ಲಿ ಹುಟ್ಟಿತು ಅಂತ ಓದುತ್ತಾ ಹೋದೆ. ಅದು ಹುಟ್ಟಿದ್ದು ನಾರ್ವೆ ದೇಶದ ಓಸ್ಲೋದಲ್ಲಿ, 1960ರ ದಶಕದಲ್ಲಿ. ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ ಕ್ರಿಸ್ಟನ್ ನ್ಯೂಗಾರ್ಡ್ ಮತ್ತು ಓಲೆ-ಯೋಹಾನ್ ದಾಲ್ ಎಂಬ ಇಬ್ಬರು ‘ಸಿಮುಲಾ’ ಎಂಬ ಭಾಷೆ ಕಟ್ಟಿದರು. 1967ರ ಸಿಮುಲಾದಲ್ಲೇ ಕ್ಲಾಸು, ಆಬ್ಜೆಕ್ಟು, ಇನ್‌ಹೆರಿಟೆನ್ಸು ಮೂರೂ ಇದ್ದವು. ಇದರಲ್ಲಿ ನ್ಯೂಗಾರ್ಡ್ ಅವರ ಕಥೆ ನಮಗೆ ಸಂಬಂಧಪಟ್ಟದ್ದು. ಅವರ ಮೂಲ ಕೆಲಸ ಆಪರೇಶನ್ಸ್ ರಿಸರ್ಚ್. ಹೌದು, ನಮ್ಮ ಕಾಮರ್ಸು, ಮ್ಯಾನೇಜ್‌ಮೆಂಟಿನವರು ಓದುವ ಆಪರೇಶನ್ಸ್ ರಿಸರ್ಚೇ. ಕೌಂಟರಿನ ಮುಂದೆ ಸಾಲು ಎಷ್ಟು ಉದ್ದ ಆಗುತ್ತದೆ, ಕಾರ್ಖಾನೆಯಲ್ಲಿ ಕೆಲಸ ಎಲ್ಲಿ ನಿಲ್ಲುತ್ತದೆ, ಇಂಥ ಪ್ರಶ್ನೆಗಳು. ಅವರು ಮೊದಲಿಗೆ ಲೋಕವನ್ನು ‘ಸ್ಟೇಶನ್’ ಮತ್ತು ‘ಗಿರಾಕಿ’ ಅಂತ ವಿಂಗಡಿಸಿ ವರ್ಣಿಸಲು ಹೊರಟರು. ಸೇತುವೆಯ ಟೋಲಿನ ಮುಂದೆ ನಿಂತ ಲಾರಿ, ಬಸ್ಸುಗಳ ಸಾಲನ್ನು ಕುರಿತು ಯೋಚಿಸುವಾಗ ಒಂದು ಮಾತು ಹೊಳೆಯಿತು: ಸಾಲಿನಲ್ಲಿ ನಿಲ್ಲುವ ಮಟ್ಟಿಗೆ ಎಲ್ಲವೂ ‘ವಾಹನ’, ಆದರೆ ಲಾರಿಗೆ ಹೇರು ಇದೆ, ಬಸ್ಸಿಗೆ ಪ್ರಯಾಣಿಕರಿದ್ದಾರೆ. ಇಬ್ಬರಿಗೂ ಸಮಾನವಾದದ್ದನ್ನು ಒಂದು ಸಲ ಬರೆದು, ಬೇರೆಯಾದದ್ದನ್ನು ಬೇರೆ ಬರೆದರೆ ಸಾಕು. ಹುಮನಾಬಾದಿನಿಂದ ಬಸ್ಸಿನಲ್ಲಿ ಬರುವಾಗ ಟೋಲಿನ ಸಾಲಿನಲ್ಲಿ ನಿಂತು ನಾನು ಇದನ್ನು ಎಷ್ಟು ಸಲ ನೋಡಿದ್ದೇನೋ.

ಈ ಕೆಲಸಕ್ಕೆ ಅವರಿಬ್ಬರಿಗೂ 2001ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಬಂತು. 2002ರಲ್ಲಿ ಆರು ವಾರಗಳ ಅಂತರದಲ್ಲಿ ಇಬ್ಬರೂ ತೀರಿಕೊಂಡರು. ನಡುವೆ ನ್ಯೂಗಾರ್ಡ್ ಇನ್ನೊಂದು ಕೆಲಸ ಮಾಡಿದ್ದರು. 1970ರ ದಶಕದ ಆರಂಭದಲ್ಲಿ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದ ಜೊತೆ ಸೇರಿ, ಕಾರ್ಖಾನೆಗೆ ಬರುತ್ತಿರುವ ಕಂಪ್ಯೂಟರ್ ಏನು ಮಾಡುತ್ತದೆ ಅನ್ನೋದನ್ನು ಕೆಲಸಗಾರರೇ ಅರ್ಥ ಮಾಡಿಕೊಂಡು ಮಾತಾಡುವಂತೆ ತಯಾರು ಮಾಡಿದರು. ಅದನ್ನು ಓದಿದಾಗ ನನಗೆ ಟ್ಯಾಲಿ ಹುಡುಗನ ಪಕ್ಕ ಕೂತ ಕಾಕಾ ನೆನಪಾದರು.

ಸಿಮುಲಾ ಆದ ಮೇಲೆ ಡೆನ್ಮಾರ್ಕಿನ ಬ್ಯಾರ್ನೆ ಸ್ಟ್ರೌಸ್‌ಟ್ರುಪ್ 1979ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸಿ ಭಾಷೆಗೆ ಸಿಮುಲಾದ ಕ್ಲಾಸುಗಳನ್ನು ಕೂಡಿಸತೊಡಗಿದರು. 1983ರಲ್ಲಿ ಅದಕ್ಕೆ ಸಿ ಪ್ಲಸ್ ಪ್ಲಸ್ ಎಂಬ ಹೆಸರು ಬಂತು. ಜಾವಾ 1995ರದ್ದು. ನಮ್ಮ ಕೈಗೆ ಬರುವ ಹೊತ್ತಿಗೆ ಟೋಲು, ಸಾಲು, ಗಿರಾಕಿ ಎಲ್ಲ ಹೋಗಿ ನಾಯಿ ಒಂದು ಉಳಿದಿತ್ತು. ನಾಯಿಯ ಉದಾಹರಣೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ನಾಯಿಗೆ ಪ್ರೋಗ್ರಾಮಿನಲ್ಲಿ ಮಾಡಲು ಕೆಲಸವಿಲ್ಲ. ಅದು ಬೊಗಳಿತು ಅಂತ ಪರದೆಯ ಮೇಲೆ ಅಕ್ಷರ ಮೂಡಿದರೆ ಯಾರ ಲೆಕ್ಕ ಸರಿಯಾಯಿತು? ಅದಿಲ್ಲದಿದ್ದರೆ ಏನು ಕೆಡುತ್ತಿತ್ತು? ಕೆಡುವುದು ಏನೆಂದು ಗೊತ್ತಿಲ್ಲದವನಿಗೆ ಕಟ್ಟುಪಾಡು ಯಾಕೆ ಅನ್ನೋದು ತಿಳಿಯುವುದಿಲ್ಲ.

ಈ ವರ್ಷ ಎರಡನೇ ಸೆಮಿಸ್ಟರಿಗೆ ಬಂದ ನಮ್ಮ ಸಂಘದ ನಾಲ್ವರಿಗೆ ನಾನು ಭಾನುವಾರ ಬೆಳಿಗ್ಗೆ ಹೇಳಿಕೊಡಲು ಹೊರಟದ್ದು ಇದೇ ಹಿನ್ನೆಲೆಯಲ್ಲಿ. ಮೇಷ್ಟರಾಗುವ ಯೋಗ್ಯತೆ ನನಗಿಲ್ಲ, ಮೊನ್ನೆ ಮೊನ್ನೆ ಪಾಸಾದವನು. ಆದರೆ ಎಲ್ಲಿ ಮುಗ್ಗರಿಸುತ್ತಾರೆ ಅನ್ನೋದು ಗೊತ್ತಿದೆ, ಅಲ್ಲೇ ನಾನೂ ಬಿದ್ದಿದ್ದೆ.

ಮೊದಲು ಬೀಳುವುದು ಕ್ಲಾಸಿಗೂ ಆಬ್ಜೆಕ್ಟಿಗೂ ವ್ಯತ್ಯಾಸ ತಿಳಿಯದೆ. ಪುಸ್ತಕಗಳಲ್ಲಿ ಕ್ಲಾಸಿಗೆ ‘ವರ್ಗ’ ಎಂದು ಬರೆಯುತ್ತಾರೆ. ವರ್ಗ ಅಂದ ತಕ್ಷಣ ನಮಗೆ ತರಗತಿಯೋ, ಹಿಂದುಳಿದ ವರ್ಗವೋ ನೆನಪಾಗುತ್ತದೆ, ಎಂದರೆ ತುಂಬಾ ಜನ ಒಟ್ಟಿಗಿರುವ ಗುಂಪು. ಕ್ಲಾಸು ಗುಂಪಲ್ಲ. ನಮ್ಮ ಕಡೆಯ ಶಬ್ದ ಬೇರೆ ಇದೆ: ನಮೂನೆ. ತಹಶೀಲ್ ಆಫೀಸಿನಲ್ಲಿ ‘ನಮೂನೆ ತುಂಬಿ ಕೊಡ್ರಿ’ ಅನ್ನುತ್ತಾರಲ್ಲ, ಅದು. ಖಾಲಿ ನಮೂನೆಯಲ್ಲಿ ಯಾರ ಹೆಸರೂ ಇಲ್ಲ, ಬಾಕಿಯೂ ಇಲ್ಲ, ಏನೇನು ಇರಬೇಕು ಅನ್ನುವ ಮನೆಗಳಿವೆ ಅಷ್ಟೆ. ತುಂಬಿದ ಮೇಲೆ ಅದು ಒಬ್ಬ ರೈತನ ಖಾತೆ, ಆಬ್ಜೆಕ್ಟ್. ಒಂದೇ ನಮೂನೆಯಿಂದ ಇನ್ನೂರು ಖಾತೆ ತೆಗೆಯಬಹುದು. ಒಂದರಲ್ಲಿ ಜಮಾ ಮಾಡಿದರೆ ಇನ್ನೊಂದರ ಬಾಕಿ ಬದಲಾಗುವುದಿಲ್ಲ. ಕನ್‌ಸ್ಟ್ರಕ್ಟರ್ ಅನ್ನೋದು ಖಾತೆ ತೆರೆಯುವ ದಿನದ ಕೆಲಸ: ಹೆಸರಿಲ್ಲದೆ, ಆರಂಭದ ಬಾಕಿಯಿಲ್ಲದೆ ಖಾತೆ ತೆರೆಯಬೇಡ ಅಂತ ತಾಕೀತು. ನಮೂನೆ ಅಂದ ಮೇಲೆ ನಾಲ್ವರೂ ಇದರಲ್ಲಿ ಮತ್ತೆ ತಪ್ಪಲಿಲ್ಲ.

ಹೇಳಿಕೊಡುವ ಕ್ರಮವನ್ನು ಮಾತ್ರ ನಾನು ಬೇರೆ ಕಡೆಯಿಂದ ಕದ್ದದ್ದು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಎಂಬ ಪ್ರಯೋಗಶಾಲೆಯಲ್ಲಿ ಅಲನ್ ಕೇ ಮತ್ತು ಜೊತೆಗಾರರು ‘ಸ್ಮಾಲ್‌ಟಾಕ್’ ಎಂಬ ಭಾಷೆ ಮಾಡಿದ್ದರು. ಅದನ್ನು ಅಡೀಲ್ ಗೋಲ್ಡ್‌ಬರ್ಗ್ ಎಂಬವರು ಶಾಲೆಯ ಮಕ್ಕಳಿಗೆ ಕಲಿಸಿದರು. ಅವರು ವ್ಯಾಖ್ಯೆಯಿಂದ ಶುರು ಮಾಡಲಿಲ್ಲ. ಪರದೆಯ ಮೇಲೆ ಮೊದಲೇ ತಯಾರಿದ್ದ ಒಂದು ಚೌಕ, ಅದರ ಹೆಸರು ಜೋ. ಜೋ, ತಿರುಗು ಅಂದರೆ ತಿರುಗುತ್ತದೆ, ಬೆಳೆ ಅಂದರೆ ಬೆಳೆಯುತ್ತದೆ. ಆಮೇಲೆ ಜಿಲ್ ಎಂಬ ಇನ್ನೊಂದು ಚೌಕ. ಇಬ್ಬರ ಜೊತೆಯೂ ಆಡಿದ ಮೇಲೆ, ಇವು ಯಾವ ನಮೂನೆಯಿಂದ ಬಂದವು ಅಂತ ತೆರೆದು ನೋಡಿ, ಮಕ್ಕಳೇ ಅದನ್ನು ತಿದ್ದುತ್ತಿದ್ದರು. ನಾನೂ ಹಾಗೇ ಮಾಡಿದೆ. ಖಾತೆಯ ನಮೂನೆಯನ್ನು ನಾನೇ ಬರೆದು ತಂದು, ಅವರಿಂದ ಬರೀ ಖಾತೆ ತೆರೆಸಿದೆ, ಜಮಾ ಮಾಡಿಸಿದೆ, ಬಾಕಿ ಕೇಳಿಸಿದೆ. ನಮೂನೆಯ ಒಳಗೆ ಇಣುಕಿದ್ದು ಎರಡನೇ ಭಾನುವಾರ.

ಇನ್‌ಹೆರಿಟೆನ್ಸ್ ಹತ್ತಿರ ಬಂದಾಗ ಕಾಮರ್ಸಿನವರಿಗೇ ವಿಶೇಷವಾದ ಒಂದು ಗುಂಡಿ ಇದೆ. ಇನ್‌ಹೆರಿಟೆನ್ಸ್ ಎಂದರೆ ಪಿತ್ರಾರ್ಜಿತ. ನಮಗೆ ಆ ಶಬ್ದ ಚೆನ್ನಾಗಿ ಗೊತ್ತು, ಅವಿಭಕ್ತ ಕುಟುಂಬದ ಆಸ್ತಿ, ಪಾಲು, ವಾಟ್ನಿ ಎಲ್ಲ ಗೊತ್ತು. ನಮ್ಮ ಹುಡುಗನೊಬ್ಬ ಕೇಳಿಯೇ ಬಿಟ್ಟ: ‘ತಂದೆ ಖಾತೆಯಲ್ಲಿ ಐದು ಸಾವಿರ ಇದ್ದರೆ ಮಗನ ಖಾತೆಗೆ ಎಷ್ಟು ಬರ್ತದ್ರಿ?’ ಒಂದು ಪೈಸೆಯೂ ಬರುವುದಿಲ್ಲ! ಇಲ್ಲಿ ತಂದೆಯಿಂದ ಮಗನಿಗೆ ಆಸ್ತಿ ಹೋಗುವುದಿಲ್ಲ. ನಮೂನೆಯಿಂದ ನಮೂನೆಗೆ ಮನೆಗಳೂ ನಿಯಮಗಳೂ ಹೋಗುತ್ತವೆ ಅಷ್ಟೆ. ಇದಕ್ಕೆ ಟ್ಯಾಲಿಯನ್ನು ತೋರಿಸಿದರೆ ಸಾಕು ಅಂತ ನನ್ನ ಅನುಭವ. ಟ್ಯಾಲಿ ನಮ್ಮ ಬೆಂಗಳೂರಿನದು. 1986ರಲ್ಲಿ ಶ್ಯಾಮ್‌ಸುಂದರ್ ಗೋಯೆಂಕಾ ಎಂಬ ವ್ಯಾಪಾರಸ್ಥರು ತಮ್ಮ ಲೆಕ್ಕ ಇಡಲು ಸರಿಯಾದ ಸಾಫ್ಟ್‌ವೇರ್ ಸಿಗದೆ ಮಗ ಭರತ್ ಅವರಿಗೆ ಮಾಡಿಕೊಡು ಅಂದದ್ದರಿಂದ ಹುಟ್ಟಿದ್ದು. ಅದರಲ್ಲಿ ಮೊದಲೇ 28 ಗ್ರೂಪುಗಳಿವೆ, 15 ಮೂಲದವು, 13 ಅವುಗಳ ಕೆಳಗಿನವು. ಹೊಸ ಲೆಡ್ಜರ್ ತೆರೆದರೆ ‘ಯಾವುದರ ಕೆಳಗೆ?’ ಅಂತ ಕೇಳುತ್ತದೆ. ‘ಬ್ಯಾಂಕ್ ಅಕೌಂಟ್ಸ್’ ಅಂದರೆ ಖಾತೆ ಸಂಖ್ಯೆ, ಐಎಫ್‌ಎಸ್ ಕೋಡ್ ಕೇಳುತ್ತದೆ. ‘ಸಂಡ್ರಿ ಡೆಟರ್ಸ್’ ಅಂದರೆ ಉದ್ರಿ ಎಷ್ಟು ದಿನ ಅಂತ ಬರೆಯಲು ಜಾಗ ಕೊಡುತ್ತದೆ. ಎರಡೂ ‘ಕರೆಂಟ್ ಅಸೆಟ್ಸ್’ ಕೆಳಗಿನವು, ಆದ್ದರಿಂದ ಅಢಾವೆ ಪತ್ರಿಕೆಯಲ್ಲಿ ಎಲ್ಲಿ ಕೂರಬೇಕು ಅಂತ ಯಾರೂ ಹೇಳಬೇಕಾಗಿಲ್ಲ. ಒಳಗಿನ ಕೋಡು ಹೇಗಾದರೂ ಇರಲಿ, ಕೆಳಗಿನದು ಮೇಲಿನದರ ನಿಯಮ ಪಡೆದು ತನ್ನದನ್ನು ಸೇರಿಸಿಕೊಳ್ಳುತ್ತದೆ ಅನ್ನುವ ಮಾತು ಪರದೆಯ ಮೇಲೇ ಕಾಣುತ್ತದೆ.

ಪಾಲಿಮಾರ್ಫಿಸಂಗೆ ಮಾರ್ಚ್ 31ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ವರ್ಷ ಮುಗಿಯಿತು, ಎಲ್ಲ ಖಾತೆ ಮುಚ್ಚಿ ಅಂತ ಒಂದೇ ಹುಕುಂ. ರೈತನ ವೈಯಕ್ತಿಕ ಖಾತೆ ತನ್ನ ಬಾಕಿಯನ್ನು ಏಪ್ರಿಲ್ 1ಕ್ಕೆ ಮುಂದೆ ಒಯ್ಯುತ್ತದೆ. ತಕ್ಕಡಿ, ಕಪಾಟಿನ ಖಾತೆಯೂ ಮುಂದೆ ಹೋಗುತ್ತದೆ. ಅಂಗಡಿ ಬಾಡಿಗೆಯ ಖಾತೆ ಮಾತ್ರ ತನ್ನದೆಲ್ಲವನ್ನೂ ಲಾಭ ನಷ್ಟದ ಖಾತೆಗೆ ಸುರಿದು ಸೊನ್ನೆಯಾಗುತ್ತದೆ. ಹುಕುಂ ಒಂದು, ಪ್ರತಿಯೊಬ್ಬರೂ ಮುಚ್ಚುವ ರೀತಿ ಅವರವರದು. ಹೀಗಿಲ್ಲದಿದ್ದರೆ ಪ್ರೋಗ್ರಾಂ ಬರೆಯುವವನು ‘ಇದು ಬಾಡಿಗೆಯಾದರೆ ಹೀಗೆ, ರೈತನಾದರೆ ಹಾಗೆ, ಬ್ಯಾಂಕಾದರೆ ಮತ್ತೊಂದು’ ಅಂತ ಉದ್ದನೆಯ ಏಣಿ ಕಟ್ಟಬೇಕು, ಹೊಸ ತರದ ಖಾತೆ ಬಂದಾಗಲೆಲ್ಲ ಆ ಏಣಿಯನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಇದನ್ನು ನಾನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದೆ. ಖಾತೆ ಮುಚ್ಚಿ ಗೊತ್ತಿದ್ದವರಿಗೆ ಅಷ್ಟು ಸಾಕು.

ಇಷ್ಟು ಹೊತ್ತಿಗೆ ನನಗೆ ಸ್ವಲ್ಪ ಗರ್ವ ಬಂದಿತ್ತು. ಅದನ್ನು ಇಳಿಸಿದವಳು ರಾಯಚೂರು ಕಡೆಯ ಹುಡುಗಿ. ಅವಳು ಹೆಚ್ಚು ಮಾತಾಡುವವಳಲ್ಲ. ಮೂರನೇ ಭಾನುವಾರ ಕೇಳಿದಳು:

‘ಅಣ್ಣಾ, ಖಾತೆಯ ಬಾಕಿಯನ್ನ ಖಾತೆಯೇ ನೋಡ್ಕೊಳ್ತದ ಅಂದ್ರಿ. ಜಮಾ ಮಾಡೋದು ಖಾತೆಯ ಕೆಲಸ ಅಂದ್ರಿ. ಆದ್ರ ದ್ವಿನಮೂದಿನಾಗ ಎರಡು ಖಾತೆ ಇರ್ತಾವಲ್ಲ. ಒಂದರಾಗ ಜಮಾ ಆಗಿ, ಇನ್ನೊಂದರಾಗ ನಾವೆ ಬೀಳದೆ ಹೋದ್ರ? ಎರಡೂ ಸೇರಿ ತಾಳೆ ಆಗೋದನ್ನ ಯಾವ ಖಾತೆ ನೋಡ್ಕೊಳ್ಬೇಕು?’

ನನ್ನಲ್ಲಿ ಉತ್ತರ ಇರಲಿಲ್ಲ. ನನ್ನ ಪ್ರೋಗ್ರಾಮಿನಲ್ಲಿ ನಗದು ಖಾತೆಯಿಂದ 500 ನಾವೆ ಅಂತ ಒಂದು ಸಾಲು, ರೈತನ ಖಾತೆಗೆ 500 ಜಮಾ ಅಂತ ಇನ್ನೊಂದು ಸಾಲು. ನಡುವೆ ಕರೆಂಟ್ ಹೋದರೆ, ಅಥವಾ ಬರೆಯುವವನು ಎರಡನೇ ಸಾಲು ಮರೆತರೆ, ತಾಳೆ ಪಟ್ಟಿ ಎಕ್ಕುಟ್ಟಿ ಹೋಗುತ್ತದೆ. ನಗದು ಖಾತೆಗೆ ಆ ಜವಾಬ್ದಾರಿ ಕೊಡೋಣ ಅಂದರೆ ಅದು ರೈತನ ಖಾತೆಯೊಳಗೆ ಕೈ ಹಾಕಿದ ಹಾಗಾಗುತ್ತದೆ. ರೈತನ ಖಾತೆಗೆ ಕೊಟ್ಟರೆ ಅದು ನಗದಿನೊಳಗೆ. ಯಾವ ಕಟ್ಟುಪಾಡನ್ನು ಇಷ್ಟು ಹೊತ್ತು ಹೊಗಳಿದ್ದೆನೋ ಅದನ್ನೇ ಮುರಿಯಬೇಕು.

ಆ ವಾರವೆಲ್ಲ ತಲೆ ಕೆಡಿಸಿಕೊಂಡೆ. ಕೊನೆಗೆ ಕಾಕಾಗೆ ಫೋನ್ ಮಾಡಿ, ಕಂಪ್ಯೂಟರಿನ ಮಾತೆತ್ತದೆ, ‘ಎರಡೂ ಕಡಿ ತಾಳಿ ಆಗಿದ್ದು ನೀವು ಎಲ್ಲಿ ನೋಡ್ತೀರಿ ಕಾಕಾ, ಖಾತ್ಯಾಗೋ?’ ಅಂತ ಕೇಳಿದೆ. ‘ಖಾತ್ಯಾಗ ಹ್ಯಾಂಗ ನೋಡ್ಲಿ? ಅಲ್ಲಿ ಒಂದೇ ಕಡಿ ಇರ್ತದ. ನೋಂದಿನ್ಯಾಗೇ ನೋಡ್ಬೇಕು’ ಅಂದರು.

ನೋಂದು! ನಾವು ಕಾಣುವ ವಸ್ತುಗಳನ್ನು, ಹೆಸರಿರುವ ಜನರನ್ನು ಮಾತ್ರ ಆಬ್ಜೆಕ್ಟ್ ಮಾಡುತ್ತಾ ಹೋಗಿದ್ದೆವು. ಪುಸ್ತಕವೂ ಹಾಗೇ ಹೇಳಿತ್ತು, ‘ಲೋಕದಲ್ಲಿರುವ ವಸ್ತು’ ಅಂತ. ನಡೆದ ವ್ಯವಹಾರವೇ ಒಂದು ಆಬ್ಜೆಕ್ಟ್ ಆಗಬಹುದು ಅಂತ ಹೊಳೆದಿರಲಿಲ್ಲ. ನೋಂದು ಎಂಬ ಇನ್ನೊಂದು ನಮೂನೆ ಮಾಡಿದರೆ, ತಾರೀಖು, ವಿವರ, ನಾವೆ ಯಾರಿಗೆ, ಜಮಾ ಯಾರಿಗೆ, ಎಷ್ಟು ಎಲ್ಲ ಅದರೊಳಗಿರುತ್ತದೆ. ಎರಡು ಕಡೆ ಸಮ ಇದೆಯೇ ಅಂತ ನೋಡುವುದು ಅದರ ಕೆಲಸ. ಸಮ ಇದ್ದರೆ ಎರಡೂ ಖಾತೆಗಳಿಗೆ ಹೇಳಿ ಕಳಿಸುತ್ತದೆ, ಇಲ್ಲದಿದ್ದರೆ ಒಂದಕ್ಕೂ ಹೇಳುವುದಿಲ್ಲ. ಟ್ಯಾಲಿಯಲ್ಲಿ ವೋಚರ್ ಅನ್ನೋದು ಇದೇ. ಎಫ್5 ಒತ್ತಿ ಪೇಮೆಂಟು, ಎಫ್7 ಒತ್ತಿ ಜರ್ನಲ್ ಹಾಕುತ್ತೇವಲ್ಲ, ಡೆಬಿಟ್ಟೂ ಕ್ರೆಡಿಟ್ಟೂ ಸಮ ಆಗುವವರೆಗೆ ಅದು ಮುಂದೆ ಬಿಡುವುದಿಲ್ಲ. ಎಷ್ಟು ಸಲ ಬೈದುಕೊಂಡಿದ್ದೇವೆ ಅದನ್ನು! ಕರೆಂಟ್ ಹೋಗುವ ತಂಟೆಗೆ ಡೇಟಾಬೇಸಿನವರು ಬೇರೆ ಉಪಾಯ ಮಾಡಿದ್ದಾರೆ, ಅದು ಮುಂದಿನ ಸೆಮಿಸ್ಟರಿನ ಪಾಠ. ಅವರೂ ಅದನ್ನು ‘ಟ್ರಾನ್ಸಾಕ್ಷನ್’ ಅಂತಲೇ ಕರೆಯುತ್ತಾರೆ, ನಮ್ಮ ಶಬ್ದವನ್ನೇ.

ನನಗೆ ಅನ್ನಿಸುವುದು, ಆಬ್ಜೆಕ್ಟ್ ಹುಡುಕುವುದು ಎಂದರೆ ‘ಇಲ್ಲಿ ಏನೇನು ವಸ್ತುಗಳಿವೆ’ ಅಂತ ಪಟ್ಟಿ ಮಾಡುವುದಕ್ಕಿಂತ ‘ಈ ನಿಯಮ ಕಾಯುವ ಜವಾಬ್ದಾರಿ ಯಾರದು’ ಅಂತ ಕೇಳುವುದು. ಪಾಠದಲ್ಲಿ ಈ ಪ್ರಶ್ನೆ ನಾನು ಕೇಳಿಸಿಕೊಂಡಿರಲಿಲ್ಲ. ಅಕೌಂಟ್ಸ್ ಗೊತ್ತಿದ್ದ ಹುಡುಗಿ ತಾನಾಗಿ ಕೇಳಿದಳು. ಕಂಪ್ಯೂಟರ್ ಸೈನ್ಸಿನವರಿಗೆ ಅದು ಬೇಗ ಹೊಳೆಯುತ್ತಿತ್ತೇ ಅಂತ ನನಗೆ ಸಂಶಯವಿದೆ. ಔರಾದಿನ ಗೆಳೆಯ ಇದ್ದಿದ್ದರೆ ಅವನೂ ಕೇಳುತ್ತಿದ್ದ.

ಇನ್ನು ಭಾಷೆಯ ಮಾತು. ಭಾನುವಾರದ ತರಗತಿಗೆ ನಾನು ಸಿ ಪ್ಲಸ್ ಪ್ಲಸ್ ಬಿಟ್ಟು ಪೈಥಾನ್ ಹಿಡಿದೆ. ಮೊಬೈಲಿನಲ್ಲೂ ನಡೆಯುತ್ತದೆ ಅನ್ನೋದು ಒಂದು ಕಾರಣ. ಇನ್ನೊಂದು, 2008ರಲ್ಲಿ ಬಂದ ಪೈಥಾನ್ 3ರಿಂದ ಮುಂದೆ ಹೆಸರುಗಳನ್ನು ನಮ್ಮ ಲಿಪಿಯಲ್ಲೇ ಬರೆಯಬಹುದು. ನಮೂನೆಗೆ ‘ಖಾತೆ’ ಅಂತಲೇ ಹೆಸರಿಟ್ಟೆವು, ಮೆಥಡಿಗೆ ‘ಜಮಾ’. ಓಡಿತು! ಆಬ್ಜೆಕ್ಟು ತನ್ನನ್ನು ತಾನು ಕರೆದುಕೊಳ್ಳಲು ಎಲ್ಲ ಪುಸ್ತಕಗಳಲ್ಲಿ ‘ಸೆಲ್ಫ್’ ಎಂದು ಬರೆಯುತ್ತಾರೆ. ಅದು ರೂಢಿ ಮಾತ್ರ, ಭಾಷೆಯ ಕಟ್ಟಳೆಯಲ್ಲ ಅಂತ ಗೊತ್ತಾದಾಗ ಅದರ ಜಾಗದಲ್ಲಿ ‘ತಾನು’ ಎಂದು ಬರೆದೆವು. ತಾನು ಚುಕ್ಕೆ ಬಾಕಿ. ‘ಖಾತಿಗೆ ತಾನೇ ಬರ್ತದ’ ಅಂದಿದ್ದರಲ್ಲ ಕಾಕಾ, ಅದೇ ತಾನು. ಕನ್ನಡ ಅಂಕಿಯಲ್ಲಿ ೫೦೦ ಅಂತ ಟೈಪು ಮಾಡಿ ಕೊಟ್ಟರೂ ಅದನ್ನು ಸಂಖ್ಯೆಯಾಗಿ ಓದಿಕೊಳ್ಳುತ್ತದೆ. ಆದರೆ ಕ್ಲಾಸ್, ಡೆಫ್, ಇಫ್ ಮುಂತಾದ ಭಾಷೆಯ ಸ್ವಂತ ಶಬ್ದಗಳು ಇಂಗ್ಲಿಷಿನಲ್ಲೇ ಇರಬೇಕು. ಕೆಲಸಕ್ಕೆ ಸೇರಿದ ಮೇಲೆ ‘ತಾನು’ ಬರೆದರೆ ಪಕ್ಕದವನು ಓದಲಾರ, ಅಲ್ಲಿ ಸೆಲ್ಫ್ ಎಂದೇ ಬರೆಯಬೇಕು. ನಾಲ್ವರಿಗೂ ಇದನ್ನು ಮೊದಲ ದಿನವೇ ಹೇಳಿದ್ದೇನೆ. ಇನ್ನೊಂದು ಕೊರತೆಯೂ ಇದೆ: ಸಿ ಪ್ಲಸ್ ಪ್ಲಸ್‌ನಲ್ಲಿ ಪ್ರೈವೇಟ್ ಅಂದರೆ ಹೊರಗಿನವನು ಮುಟ್ಟಲು ಹೋದಾಗ ಕಂಪೈಲರೇ ತಡೆಯುತ್ತದೆ, ಪೈಥಾನಿನಲ್ಲಿ ಹೆಸರಿನ ಹಿಂದೆ ಒಂದು ಅಡ್ಡಗೆರೆ ಹಾಕಿ ‘ದಯವಿಟ್ಟು ಮುಟ್ಟಬೇಡಿ’ ಅಂತ ಸೂಚನೆ ಕೊಡುತ್ತೇವೆ ಅಷ್ಟೆ. ಮುಟ್ಟುವವನು ಮುಟ್ಟಬಹುದು. ಕಾಕಾನ ಕೆಂಪು ಪುಸ್ತಕವೂ ಅಷ್ಟೇ ಅನ್ನಿ.

ಇದರಿಂದ ಪರೀಕ್ಷೆಯಲ್ಲಿ ಅಂಕ ಬರುತ್ತದೆಯೇ ಅಂತ ಕೇಳಿದರೆ, ಅರ್ಧ ಮಾತ್ರ. ಪ್ರಶ್ನೆಪತ್ರಿಕೆ ವ್ಯಾಖ್ಯೆ ಕೇಳುತ್ತದೆ, ಇಂಗ್ಲಿಷಿನಲ್ಲಿ ಕೇಳುತ್ತದೆ. ನಾಲ್ವರಲ್ಲಿ ಒಬ್ಬ ಎರಡು ವಾರ ಬಂದು, ‘ಅಣ್ಣಾ, ಇದೆಲ್ಲ ಚೆನ್ನಾಗದ, ಆದ್ರ ನನಗ ಇಂಪಾರ್ಟೆಂಟ್ ಪ್ರಶ್ನೆ ಕೊಡ್ರಿ’ ಅಂತ ಹೇಳಿ ನಿಂತುಹೋದ. ಅವನನ್ನು ತಪ್ಪು ಅನ್ನಲಾರೆ, ಹೋದ ವರ್ಷ ನಾನೂ ಅದನ್ನೇ ಕೇಳುತ್ತಿದ್ದೆ. ಉಳಿದ ಮೂವರು ನಾಯಿಯ ಉದಾಹರಣೆಯನ್ನೂ ಈಗ ಸರಿಯಾಗಿ ಬರೆಯುತ್ತಾರೆ.

ಕಳೆದ ಭಾನುವಾರ ರಾಯಚೂರಿನ ಹುಡುಗಿ ‘ನೋಂದು’ ನಮೂನೆಯನ್ನು ಪೂರ್ತಿ ಮಾಡಿ ತಂದಳು. ಎರಡು ಕಡೆ ಸಮ ಇಲ್ಲದಿದ್ದರೆ ಪರದೆಯ ಮೇಲೆ ‘ತಾಳೆ ಇಲ್ಲ’ ಅಂತ ಬರುತ್ತದೆ, ಯಾವ ಖಾತೆಯ ಬಾಕಿಯೂ ಕದಲುವುದಿಲ್ಲ. ಅದರ ಫೋಟೋ ತೆಗೆದು ಕಾಕಾನ ಫೋನಿಗೆ ಕಳಿಸಿದೆ. ಅವರು ಬಹಳ ಹೊತ್ತು ಓದಿರಬೇಕು, ರಾತ್ರಿ ಫೋನ್ ಬಂತು.

‘ಬರೋಬ್ಬರಿ ಬರ್ದಾಳ. ಆದ್ರ ತಪ್ಪು ನೋಂದು ಬಿದ್ರ ಉಲ್ಟಾ ಹೊಡೆಯೋದು ಎಲ್ಲದ ಇದರಾಗ?’

ಅದನ್ನು ನಾವು ಬರೆದಿರಲಿಲ್ಲ. ಬರುವ ಭಾನುವಾರ ಆ ಕೆಲಸ ಇದೆ. ಬೆಳಿಗ್ಗೆ ಹತ್ತಕ್ಕೆ ಸಂಘದ ಕೋಣೆಯಲ್ಲಿ. ಬೇರೆ ಗ್ರೂಪಿನವರೂ ಬರಬಹುದು, ಖಾತೆ ಮುಚ್ಚಲು ಬಂದರೆ ಸಾಕು.